ತುಕ್ಕಿನಿಂದಲೇ ಬಂದ ಕಪ್ಪು

ಮುಲುಂಡಿನಲ್ಲಿರುವ ನಮಗೆ ಜುಹು ಬೀಚ್ ದೂರ. ಊರಿನಿಂದ ಯಾರಾದರೂ ಬಂದಾಗ ಮಾತ್ರ ಹೋಗುತ್ತೇವೆ. ಆ ವರ್ಷ ಬೇಸಿಗೆಯಲ್ಲಿ ಉಡುಪಿಯಿಂದ ತಂಗಿ ಮತ್ತು ಭಾವ ಬಂದಿದ್ದರು. ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೆ ಮುಂಬಯಿಯ ಸಮುದ್ರವನ್ನೂ ನೋಡಬೇಕಿತ್ತು. ಸಂಜೆ ಐದರ ಹೊತ್ತಿಗೆ ನಾಲ್ಕು ಮಂದಿಯೂ ಮರಳಿನ ಮೇಲೆ ನಡೆಯುತ್ತಿದ್ದೆವು. ಬಲೂನಿಗೆ ಗುರಿಯಿಟ್ಟು ಹೊಡೆಯುವ ಅಂಗಡಿ ಕಂಡದ್ದೇ ಭಾವನಿಗೆ ಹುಡುಗಾಟಿಕೆ ಬಂತು. ಏರ್‌ಗನ್ ಎತ್ತಿಕೊಂಡು ಹತ್ತು ಛರ್ರೆ, ಎಂದರೆ ಸೀಸದ ಸಣ್ಣ ಗುಂಡು, ಹಾರಿಸಿದರು. ಮೂರು ಬಲೂನು ಒಡೆದವು. ಬಂದೂಕನ್ನು ನನ್ನ ಕೈಗೆ ಕೊಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಲು ಹೋದರು.

ಅದನ್ನು ಮೇಜಿನ ಮೇಲಿಟ್ಟು ನೋಡಿದರೆ ನನ್ನ ಅಂಗೈಯೆಲ್ಲ ಕೆಂಪು. ನಳಿಕೆಯ ಮೇಲೆ ಒಂದು ಬೆರಳಗಲವೂ ಮೊದಲಿನ ಬಣ್ಣ ಉಳಿದಿರಲಿಲ್ಲ. ಅಲ್ಲಲ್ಲಿ ಯಾರೋ ಆಯಿಲ್ ಪೇಂಟ್ ಬಳಿದಿದ್ದರು. ಅದೂ ಹಪ್ಪಳದಂತೆ ಎದ್ದಿತ್ತು.

"ಈ ನಳಿಕೆ ನೋಡು. ಉಪ್ಪುಗಾಳಿ ತಿಂದು ಮುಗಿಸಿದೆ," ಎಂದು ಹೆಂಡತಿಗೆ ಹೇಳಿದೆ.

"ಉಪ್ಪುಗಾಳಿ ತಿನ್ನೂದು ನಮಗೂ ಗೊತ್ತೈತ್ರಿ ಅಣ್ಣಾರ. ಏನ್ ಮಾಡಬೇಕು ಅನ್ನೂದು ಗೊತ್ತಿಲ್ಲ," ಎಂದು ಮೇಜಿನ ಆಚೆಯಿಂದ ಉತ್ತರ ಬಂತು.

ಅಂಗಡಿಯ ಹೆಂಗಸು. ನಲವತ್ತೈದರ ಆಸುಪಾಸು, ಸೀರೆಯ ಮೇಲೊಂದು ಗಂಡಸರ ಶರ್ಟು ಹಾಕಿಕೊಂಡಿದ್ದಳು. ವಿಜಯಪುರದ ಕಡೆಯವಳಂತೆ. ಗಂಡನ ಜೊತೆ ಬಿಲ್ಡಿಂಗ್ ಕೆಲಸಕ್ಕೆಂದು ಬಂದು, ಅವನ ಸೊಂಟಕ್ಕೆ ಪೆಟ್ಟಾದ ಮೇಲೆ ಈ ಅಂಗಡಿ ಹಿಡಿದಿದ್ದಳು. ಗಂಡ ಹಿಂದೆ ಸ್ಟೂಲಿನ ಮೇಲೆ ಕೂತು ಪಂಪಿನಿಂದ ಬಲೂನು ಊದುತ್ತಿದ್ದ. ಹಿಂದಿನ ವಾರ ಒಬ್ಬಳು ಹುಡುಗಿಯ ಬಿಳಿ ಅಂಗಿಗೆ ಈ ತುಕ್ಕು ಹತ್ತಿ ದೊಡ್ಡ ಜಗಳವಾಗಿತ್ತಂತೆ. ಪೇಂಟ್ ಬಳಿದದ್ದು ಅದಾದ ಮೇಲೆ.

"ಪೇಂಟ್ ನಿಲ್ಲುವುದಿಲ್ಲ. ಇದಕ್ಕೆ ಬ್ಲ್ಯಾಕೊಡೈಸಿಂಗ್ ಮಾಡಬೇಕು," ಎಂದೆ.

"ಹಂಗಂದ್ರ?"

"ಕಬ್ಬಿಣವನ್ನೇ ಕಪ್ಪು ಮಾಡುವುದು. ಮೇಲೆ ಬಳಿಯುವುದಲ್ಲ. ನಾನು ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ಅದನ್ನೇ ಮಾಡಿದ್ದೇನೆ."

ಈ ಮಾತು ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ನನ್ನ ಕೆಲಸ ಏನಾಗಿತ್ತೆಂದು ಯಾರಿಗೂ ನಾನಾಗಿ ಹೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ 'ಪ್ರೊಡಕ್ಷನ್' ಎಂದು ಮುಗಿಸುತ್ತಿದ್ದೆ. ಹೆಂಡತಿ ನನ್ನ ಮುಖ ನೋಡಿದಳು. ಆ ಹೆಂಗಸು ನನ್ನ ನಂಬರ್ ಬರೆದುಕೊಂಡಳು.

ಜೂನ್ ಮಧ್ಯದಲ್ಲಿ ಮಳೆ ಹಿಡಿಯಿತು. ಬೀಚಿನ ಅಂಗಡಿಗಳಿಗೆ ಟಾರ್ಪಾಲು ಬಿತ್ತು. ಒಂದು ಬೆಳಿಗ್ಗೆ ಅವಳ ಫೋನ್ ಬಂತು. "ಮಳಿಗಾಲ ಮುಗಿಯೂತನ ಬಂದೂಕ್ ಖಾಲಿ ಬಿದ್ದಿರ್ತಾವ್ರಿ ಅಣ್ಣಾರ. ನೋಡ್ತೀರೇನ್ರಿ?"

ಅಂಧೇರಿಯ ಒಂದು ಚಾಳಿನ ಸಾಲುಮನೆಗಳಲ್ಲಿ ಅವರ ಕೋಣೆ. ಹೋದೆ. ನಾಲ್ಕು ಏರ್‌ಗನ್‌ಗಳು ಮಂಚದ ಕೆಳಗೆ ಗೋಣಿಯಲ್ಲಿದ್ದವು. ನನಗೆ ಬೇಕಾಗಿದ್ದದ್ದು ನಳಿಕೆಗಳು ಮಾತ್ರ. ಮರದ ಭಾಗ ಬಿಚ್ಚಿ, ನಡುವಿನ ಬೋಲ್ಟ್ ತೆಗೆದರೆ ನಳಿಕೆ ಕೈಗೆ ಬರುತ್ತದೆ. ಅದರ ಹಿಂದಿನ ಕೊಳವೆಯಲ್ಲಿ ಒಂದು ದಪ್ಪ ಸ್ಪ್ರಿಂಗ್ ಅದುಮಿಕೊಂಡು ಕೂತಿರುತ್ತದೆ. ಗಂಡ ತನ್ನ ಗದ್ದದ ಮೇಲಿನ ಗಾಯದ ಗುರುತು ತೋರಿಸಿದ. "ಅದನ್ನ ಮಾತ್ರ ಬಿಚ್ಚಬ್ಯಾಡ್ರಿ. ನಾ ಒಮ್ಮೆ ಬಿಚ್ಚೀನಿ. ಮೂರು ಹೊಲಿಗಿ ಬಿದ್ದಾವ."

ಬಿಚ್ಚುವ ಮೊದಲು, ಛರ್ರೆ ತುಂಬುವಾಗಿನಂತೆ, ನಾಲ್ಕೂ ನಳಿಕೆಗಳನ್ನು ಕೀಲಿನಲ್ಲಿ ಮಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂರರಲ್ಲಿ ಆಚೆಯ ಬೆಳಕು ಕಂಡಿತು. ನಾಲ್ಕನೆಯದು ಕತ್ತಲು. ಒಂದು ಛರ್ರೆ ಒಳಗೇ ಸಿಕ್ಕಿಕೊಂಡು ಎಷ್ಟು ದಿನವಾಗಿತ್ತೋ ಏನೋ. ತೆಳ್ಳಗಿನ ಕಡ್ಡಿಯಿಂದ ತಳ್ಳಿದಾಗ ಚಪ್ಪಟೆಯಾದ ಸೀಸದ ಚೂರು ನೆಲಕ್ಕೆ ಬಿತ್ತು. ಆ ಹೆಂಗಸು ಅದನ್ನು ಎತ್ತಿಕೊಳ್ಳಲು ಬಗ್ಗಿದಳು. "ಸೀಸ ಅದು, ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳಿ," ಎಂದೆ. ದಿನವಿಡೀ ಛರ್ರೆ ಎಣಿಸಿ ಕೊಡುವ ಕೈ ಅದು. ಯಾರೂ ಅವಳಿಗೆ ಇದನ್ನು ಹೇಳಿರಲಿಲ್ಲ.

ನಾಲ್ಕು ನಳಿಕೆಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಏರ್‌ಗನ್ ಕೊಂಡ ಬಿಲ್ಲಿನ ಝೆರಾಕ್ಸನ್ನು ಜೇಬಿನಲ್ಲಿಟ್ಟುಕೊಂಡು ಮುಲುಂಡಿನ ಬಸ್ ಹತ್ತಿದೆ. ಪವಾಯಿ ಕೆರೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತೆವು. ಮಡಿಲಲ್ಲಿದ್ದ ಗಂಟನ್ನು ನೋಡಿ ಪಕ್ಕದವರು ಏನೆಂದು ಕೇಳಿದರು. ಪೈಪು ಎಂದೆ.

ಮನೆಯಲ್ಲಿ ಅದನ್ನು ಕಂಡು ಹೆಂಡತಿ ಕೇಳಿದ್ದು ಒಂದೇ. "ಎಲ್ಲಿ ಮಾಡುವುದು ಇದನ್ನು?"

"ಬಾಲ್ಕನಿಯಲ್ಲಿ ಉಜ್ಜುತ್ತೇನೆ. ಮತ್ತೆ ನೋಡುವ."

ಉಜ್ಜಲು ಕೂತರೆ ಎರಡು ದಿನದಲ್ಲಿ ಒಂದು ನಳಿಕೆಯ ಕಾಲು ಭಾಗವೂ ಆಗಲಿಲ್ಲ. ತುಕ್ಕು ಆಳಕ್ಕೆ ಇಳಿದಿತ್ತು. ಮೂರನೆಯ ದಿನ ನನ್ನ ತಾಳ್ಮೆ ಮುಗಿಯಿತು. ಫ್ಯಾಕ್ಟರಿಯಲ್ಲಾದರೆ ಆಸಿಡ್ಡಿನಲ್ಲಿ ಅದ್ದಿ ಐದು ನಿಮಿಷದಲ್ಲಿ ಬಿಳಿ ಕಬ್ಬಿಣ ಎತ್ತುತ್ತಿದ್ದೆವು. ಕೆಳಗಿನ ಅಂಗಡಿಯಿಂದ ಸಂಡಾಸು ತೊಳೆಯುವ ಆಸಿಡ್ಡಿನ ಎರಡು ಬಾಟಲಿ ತಂದೆ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವಳಿಗೆ ವಾಸನೆ ಹೋಗದಿರಲಿ ಎಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡೆ. ಒಂದು ಪ್ಲಾಸ್ಟಿಕ್ ಟ್ರೇಯಲ್ಲಿ ಆಸಿಡ್ ಸುರಿದು ನಳಿಕೆಯನ್ನು ಇಟ್ಟೆ. ಗ್ಲೌಸ್ ಇತ್ತು, ಕನ್ನಡಕ ಇತ್ತು. ಮೂವತ್ತು ವರ್ಷ ಆಸಿಡ್ಡಿನ ಪಕ್ಕದಲ್ಲೇ ಊಟದ ಡಬ್ಬಿ ಬಿಚ್ಚಿದವನಿಗೆ ಇದೇನು ಮಹಾ ಎಂದುಕೊಂಡಿದ್ದೆ.

ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಮಳೆಗಾಲದ ಪಾಚಿಗೆಂದು ಹೆಂಡತಿ ಬೆಳಿಗ್ಗೆ ಬಾತ್‌ರೂಮಿನ ಮೂಲೆಗಳಲ್ಲಿ ಬ್ಲೀಚಿಂಗ್ ಪೌಡರ್ ಉದುರಿಸಿದ್ದಳು. ಟ್ರೇ ಎತ್ತುವಾಗ ಆಸಿಡ್ ಚೆಲ್ಲಿ ಮೂಲೆಗೆ ಹರಿಯಿತು. ಹಳದಿ ಹಸಿರಿನ ಹೊಗೆ ಸಣ್ಣಗೆ ಎದ್ದಿತು. ಆ ವಾಸನೆ ಮೂಗಿಗೆ ಹೊಡೆದ ಕ್ಷಣದಲ್ಲೇ ಏನಾಯಿತೆಂದು ತಿಳಿಯಿತು: ಎರಡೂ ಸೇರಿ ಕ್ಲೋರಿನ್. ಬಾಗಿಲು ತೆಗೆದು ಹೊರಗೆ ಬಂದೆ. ನನ್ನ ಕೆಮ್ಮು ಕೇಳಿ ಹೆಂಡತಿ ಅಷ್ಟರಲ್ಲಿ ಬಾಗಿಲ ಹತ್ತಿರವೇ ಬಂದಿದ್ದಳು. ನಾನು ಕುಡಿಯಬೇಕಾಗಿದ್ದ ಗಾಳಿಯನ್ನು ಅವಳು ಕುಡಿದಳು. ಅವಳಿಗೆ ಮೊದಲೇ ದಮ್ಮಿನ ತೊಂದರೆ.

ಅವಳನ್ನು ಬಾಲ್ಕನಿಗೆ ಎಳೆದುಕೊಂಡು ಹೋದೆ. ಕಿಟಕಿಗಳನ್ನೆಲ್ಲ ತೆರೆದೆ. ಅವಳು ಕಟಕಟೆ ಹಿಡಿದು ಬಗ್ಗಿ ನಿಂತಿದ್ದಳು, ಉಸಿರು ಸಿಳ್ಳೆಯ ಹಾಗೆ ಬರುತ್ತಿತ್ತು. ಎದುರು ಮನೆಯವರ ಸಹಾಯದಿಂದ ರಿಕ್ಷಾದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಮೂಗಿಗೆ ಮಾಸ್ಕ್ ಹಾಕಿ ಔಷಧದ ಹಬೆ ಕೊಟ್ಟರು. ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಅವಳ ಮಂಚದ ಪಕ್ಕ ಕೂತಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೇಗಾಯಿತೆಂದು ಕೇಳಿದಳು. ಫ್ಯಾಕ್ಟರಿ ಕೆಲಸದಿಂದ ಸುರುಮಾಡಿ ಹೇಳಿದೆ. "ಅಂಕಲ್, ಆಪ್ ತೋ ಕೆಮಿಕಲ್ ಲೈನ್ ಮೇ ಥೇ ನಾ?" ಎಂದಳು, ನೀವು ಕೆಮಿಕಲ್ ಕೆಲಸದಲ್ಲೇ ಇದ್ದವರಲ್ಲವೇ ಎಂದು. ಬಯ್ಯಲು ಹೇಳಿದ್ದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು.

ಮನೆಗೆ ಬಂದ ಮೇಲೆ ಹೆಂಡತಿ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಳು. ಸ್ವರ ಇನ್ನೂ ಒಡೆದಿತ್ತು. "ನನ್ನ ಹತ್ರ ಒಂದು ಮಾತು ಕೇಳಿದ್ದರೆ ಪೌಡರ್ ಹಾಕಿದ್ದೇನೆ ಅಂತ ಹೇಳ್ತಿದ್ದೆ. ಬಾಗಿಲು ಹಾಕಿಕೊಂಡಿರಿ. ಅಲ್ಲಾ, ಫ್ಯಾಕ್ಟರಿಯಲ್ಲಿ ಆದದ್ದು ಸಾಲದಾ ನಿಮಗೆ?"

ಆ ವಿಷಯವನ್ನು ಅವಳು ಎತ್ತಿದ್ದು ಬಹಳ ವರ್ಷಗಳ ಮೇಲೆ.

ಫ್ಯಾಕ್ಟರಿಯಲ್ಲಿ ನಾವು ಇಬ್ಬರು ಕಪ್ಪು ಟಾಂಕಿಯ ಕೆಲಸದವರು. ನಾನು ಮತ್ತು ಬೆಳಗಾವಿ ಕಡೆಯ ಒಬ್ಬ ಗೆಳೆಯ. ಕಾಸ್ಟಿಕ್ ಮತ್ತು ಬೇರೆ ಉಪ್ಪುಗಳು ಸೇರಿ ಕುದಿಯುವ ಟಾಂಕಿ ಅದು. ಬರೇ ನೀರು ಕುದಿಯುವ ಬಿಸಿಗಿಂತ ಅದರ ಬಿಸಿ ಬಹಳ ಹೆಚ್ಚು. ನೀರು ಆರಿದ ಹಾಗೆ ಮತ್ತೆ ಸೇರಿಸುತ್ತಿರಬೇಕು. ಆದರೆ ತೆಳ್ಳಗಿನ ಪೈಪಿನಿಂದ, ಅಂಚಿನಲ್ಲಿ, ನಿಧಾನವಾಗಿ. ಒಮ್ಮೆಗೇ ಸುರಿದರೆ ತಣ್ಣೀರು ಆ ಬಿಸಿಗೆ ಸಿಡಿದು ಟಾಂಕಿಯಲ್ಲಿದ್ದದ್ದನ್ನೆಲ್ಲ ಮೇಲೆ ಎಸೆಯುತ್ತದೆ. ಒಂದು ದಿನ ಪೈಪು ಕಟ್ಟಿಕೊಂಡಿತ್ತು. ಮಾಲು ತುರ್ತಾಗಿ ಹೋಗಬೇಕೆಂದು ಫೋರ್‌ಮನ್ ಎರಡು ಸಲ ಬಂದು ಹೋಗಿದ್ದ. ನಾನು ಬಕೆಟ್ ಎತ್ತಿದೆ. ಗೆಳೆಯ ಆಚೆ ಬದಿಯಲ್ಲಿ ಬುಟ್ಟಿ ಎತ್ತುತ್ತಿದ್ದ. ಅವನ ಎಡಗಣ್ಣು ಹೋಯಿತು. ಎಡ ಕೆನ್ನೆಯ ಚರ್ಮ ಕಿವಿಯವರೆಗೆ ಸುಟ್ಟಿತು.

ವಿಚಾರಣೆಯಲ್ಲಿ ನಾನು ಪೈಪಿನಲ್ಲಿ ಕಟ್ಟಿಕೊಂಡಿದ್ದ ನೀರು ಒಮ್ಮೆಗೇ ನುಗ್ಗಿತು ಎಂದು ಹೇಳಿದೆ. ಬಕೆಟ್ ವಿಷಯ ಹೇಳಲಿಲ್ಲ. ಅವನನ್ನು ಸ್ಟೋರಿನ ಕೆಲಸಕ್ಕೆ ಹಾಕಿದರು. ಎದುರು ಸಿಕ್ಕಾಗ ಮಾತಾಡುತ್ತಿದ್ದೆವು. ಫ್ಯಾಕ್ಟರಿ ಮುಚ್ಚಿದ ಮೇಲೆ ಅದೂ ನಿಂತಿತು. ಸಯನ್‌ನಲ್ಲಿ ಮಗಳ ಜೊತೆ ಇದ್ದಾನೆ ಎಂದು ಗೊತ್ತಿತ್ತು. ಹನ್ನೊಂದು ವರ್ಷ ನಾನು ಆ ಕಡೆ ಹೋಗಿರಲಿಲ್ಲ.

ಹೆಂಡತಿ ಸುಧಾರಿಸಿಕೊಳ್ಳಲು ಒಂದು ವಾರ ಹಿಡಿಯಿತು. ಆ ವಾರವೆಲ್ಲ ನಳಿಕೆಗಳು ಬೆಡ್‌ಶೀಟಿನಲ್ಲೇ ಇದ್ದವು. ವಾಪಸ್ ಕೊಟ್ಟುಬಿಡೋಣ ಎಂದುಕೊಂಡೆ. ಆ ಹೆಂಗಸಿಗೆ ಫೋನ್ ಮಾಡಲು ಎರಡು ಸಲ ನಂಬರ್ ತೆಗೆದೆ. ಕೊನೆಗೆ ಒಂದು ಬೆಳಿಗ್ಗೆ ಹೆಂಡತಿಯೇ ಹೇಳಿದಳು. "ನಿಮ್ಮ ಆ ಗೆಳೆಯರು ಫ್ಯಾಕ್ಟರಿಗೆ ಬರುವ ಮೊದಲು ಬಂದೂಕು ರಿಪೇರಿ ಅಂಗಡಿಯಲ್ಲಿದ್ದರು ಅಂತ ನೀವೇ ಹೇಳ್ತಿದ್ದಿರಿ. ಅವರತ್ರ ಕೇಳಿ. ಗೊತ್ತಿಲ್ಲದ್ದನ್ನು ಕೇಳಿದರೆ ಎಂತ ಆಗ್ತದೆ?"

ಅವಳು ಹೇಳಿದ್ದು ನಳಿಕೆಯ ವಿಷಯ ಮಾತ್ರ ಅಲ್ಲ ಎಂದು ನನಗೆ ತಿಳಿಯಿತು. ಅದೇ ದಿನ ಲೋಕಲ್ ಹಿಡಿದೆ.

ಸಯನ್ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಮೂರನೆಯ ಮಹಡಿ. ಬಾಗಿಲು ತೆಗೆದವನು ಅವನೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಕ್ಷಣ ತಲೆಯನ್ನು ಸ್ವಲ್ಪ ಓರೆ ಮಾಡಿ ಒಳ್ಳೆಯ ಕಣ್ಣಿನಿಂದ ನೋಡಿದ.

"ಮುಲುಂಡಿನಿಂದ ಇಲ್ಲಿಗೆ ಬರಾಕ ಹನ್ನೊಂದು ವರ್ಷ ಹಿಡೀತೇನೋ? ಸ್ಲೋ ಲೋಕಲ್ ಹಿಡದಿದ್ದೇನು?" ಎಂದ. ಆಮೇಲೆ ಒಳಗೆ ಬಾ ಎಂದು ದಾರಿ ಬಿಟ್ಟ.

ಮಗಳು ಆಫೀಸಿಗೆ ಹೋಗಿದ್ದಳು. ಅವನೇ ಚಹಾ ಮಾಡಿದ. ನಾನು ಜುಹುವಿನಿಂದ ಬಾತ್‌ರೂಮಿನವರೆಗೆ ಎಲ್ಲ ಹೇಳಿದೆ. ಹೆಂಡತಿಯ ವಿಷಯ ಬಂದಾಗ ಅವನು ಚಹಾದ ಲೋಟ ಕೆಳಗಿಟ್ಟ. "ಈಗ ಹೆಂಗದಾರ ವೈನಿ?" ಎಂದು ಕೇಳಿದ. ಆರಾಮ ಎಂದ ಮೇಲೆ ಮಾತು ಮುಂದುವರಿಸಿದ.

"ನೀ ಮನ್ಯಾಗ ಫ್ಯಾಕ್ಟರಿ ಮಾಡಾಕ ಹೋದಿ. ಮನಿ ಮನಿನೇ. ಅಲ್ಲಿ ಎಕ್ಸಾಸ್ಟ್ ಫ್ಯಾನ್ ಇತ್ತು, ಶವರ್ ಇತ್ತು, ಡಾಕ್ಟರ್ ಇದ್ದ. ಅಷ್ಟಿದ್ದೂ ನಂದೊಂದು ಕಣ್ಣು ಹೋತು. ಆಸಿಡ್ ಬ್ಯಾಡ, ಕಾಸ್ಟಿಕ್ ಬ್ಯಾಡ. ಆನ್‌ಲೈನ್‌ನಾಗ ಸಣ್ಣ ಸಣ್ಣ ಬಾಟ್ಲಿ ಬರ್ತಾವಲ್ಲ, ಒರಸಿದರ ಕಪ್ಪಾಗ್ತದ ಅಂತಾರ, ಅವೂ ವಿಷನೇ. ಅದೂ ಬ್ಯಾಡ."

"ಹಾಗಾದರೆ ಮತ್ತೆ ಹೇಗೆ?"

"ತುಕ್ಕು ಹಿಡಸೂದು."

ನಾನು ಅವನ ಮುಖವನ್ನೇ ನೋಡಿದೆ. ಅವನು ನಗಲಿಲ್ಲ. ಹುಡುಗನಾಗಿದ್ದಾಗ ಕೆಲಸ ಕಲಿತ ಅಂಗಡಿಯಲ್ಲಿ ಹಳೆಯ ಕೋವಿಗಳಿಗೆ ಹೀಗೇ ಮಾಡುತ್ತಿದ್ದರಂತೆ. ಚೊಕ್ಕಟವಾಗಿ ಉಜ್ಜಿದ ಕಬ್ಬಿಣಕ್ಕೆ ಬೇಕೆಂದೇ ತೆಳ್ಳಗೆ ತುಕ್ಕು ಬರಿಸಬೇಕು. ಆ ಕೆಂಪು ತುಕ್ಕನ್ನು ಬರೇ ನೀರಿನಲ್ಲಿ ಕುದಿಸಿದರೆ ಅದು ಕಪ್ಪಾಗಿ ಕಬ್ಬಿಣಕ್ಕೇ ಅಂಟುತ್ತದೆ. ಸಡಿಲವಾದದ್ದನ್ನು ಒರೆಸಿ ತೆಗೆದು ಮತ್ತೆ ತುಕ್ಕು, ಮತ್ತೆ ನೀರು. ಆರೇಳು ಸಲ ಹೀಗೆ ಮಾಡಿದರೆ ಆಳವಾದ ಕಪ್ಪು ಬರುತ್ತದೆ.

"ಆ ಅಂಗಡ್ಯಾಗ ತುಕ್ಕು ಹಿಡಸಾಕ ಹಸೀ ಕ್ವಾಣಿ ಅಂತ ಒಂದು ಪೆಟ್ಟಿಗಿನೇ ಇತ್ತು. ಮುಂಬೈ ಜುಲೈದಾಗ ಪೆಟ್ಟಿಗಿ ಯಾಕ ಬೇಕು? ಇಡೀ ಶಹರನೇ ಹಸೀ ಕ್ವಾಣಿ," ಎಂದ. ಲೋಟಗಳನ್ನು ಎತ್ತಿಕೊಂಡು ಏಳುತ್ತ, "ನಾಳೆ ಬರ್ತೀನಿ. ನೀ ಒಬ್ಬನ ಮಾಡಬ್ಯಾಡ," ಎಂದ.

ಮರುದಿನ ಹತ್ತು ಗಂಟೆಗೆ ಛತ್ರಿ ಮಡಚುತ್ತ ಬಾಗಿಲಲ್ಲಿ ನಿಂತಿದ್ದ. ಹೆಂಡತಿಗೆ ನಮಸ್ಕಾರ ಮಾಡಿ ಮೊದಲು ಅವಳ ಒಪ್ಪಿಗೆ ಕೇಳಿದ. ಅವಳ ಷರತ್ತುಗಳು ಸ್ಪಷ್ಟವಾಗಿದ್ದವು. ಅಡುಗೆಮನೆಯ ಒಂದು ಪಾತ್ರೆಯನ್ನೂ ಮುಟ್ಟಬಾರದು. ಕುದಿಸುವುದು ಅಡುಗೆ ಮುಗಿದ ಮೇಲೆ, ಕಟ್ಟೆಯ ಮೇಲಿನ ಸಾಮಾನೆಲ್ಲ ಹಾಲಿಗೆ ಹೋದ ಮೇಲೆ. ಕುದಿಸುವ ನೀರಿಗೆ ಏನನ್ನೂ ಹಾಕಬಾರದು. ಯಾವ ಬಾಗಿಲನ್ನೂ ಹಾಕಿಕೊಳ್ಳಬಾರದು.

"ವೈನಿ ನಮ್ಮ ಸೇಫ್ಟಿ ಆಫೀಸರ್‌ಗಿಂತ ಚಲೋ ಅದಾರ," ಎಂದು ಅವನು ನನಗೆ ಹೇಳಿದ.

ಕುದಿಸಲು ಹತ್ತಿರದ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ನಳಿಕೆಯುದ್ದದ ಒಂದು ಕಬ್ಬಿಣದ ದೋಣಿ ಮಾಡಿಸಿದೆವು. ಎರಡು ಒಲೆಗಳ ಮೇಲೆ ಅಡ್ಡ ಕೂರುವಷ್ಟು ಉದ್ದ. ಉಜ್ಜುವ ಕೆಲಸ ಬಾಲ್ಕನಿಯಲ್ಲಿ. ಪಾಲಿಶ್ ಪೇಪರನ್ನು ನೀರಲ್ಲಿ ಅದ್ದಿ ಉಜ್ಜಬೇಕೆಂದ. ಒಣಗಿದ್ದನ್ನು ಉಜ್ಜಿದರೆ ಹಳೆಯ ಪೇಂಟಿನ ಪುಡಿ ಮೂಗಿಗೆ ಹೋಗುತ್ತದೆ. ಇಬ್ಬರೂ ಮಾಸ್ಕ್ ಹಾಕಿಕೊಂಡು ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ ಎದುರು ಬದುರು ಕೂತೆವು. ನಾನು ಮೂರು ದಿನದಲ್ಲಿ ತಾಳ್ಮೆ ಕಳೆದುಕೊಂಡಿದ್ದ ಕೆಲಸವನ್ನು ಒಂಬತ್ತು ದಿನ ಮಾಡಿದೆವು. ಎರಡು ಕೈ ಹೆಚ್ಚಾದದ್ದಕ್ಕೋ ಮಾತಿಗೆ ಜನ ಸಿಕ್ಕಿದ್ದಕ್ಕೋ, ಆ ದಿನಗಳು ಉದ್ದವೆನಿಸಲಿಲ್ಲ. ನಾಲ್ಕೂ ನಳಿಕೆಗಳು ಬೂದು ಬಣ್ಣಕ್ಕೆ ಬಂದವು.

ಆಮೇಲೆ ಅವನು ನಳಿಕೆಯ ಹಿಂಬದಿಯ ಚರ್ಮದ ವಾಷರುಗಳನ್ನು ಕಿತ್ತು ತೆಗೆದ. ಒಳಗೆ ನೀರು ಹೋಗದಂತೆ ಎರಡೂ ಬಾಯಿಗೆ ಮರದ ಬಿರಡೆ ಕೆತ್ತಿ ಬಡಿದ. ಬಿಸಿನೀರು ಮತ್ತು ಸೋಪಿನಲ್ಲಿ ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಲು ಬಿಡಲಿಲ್ಲ. ಬೆರಳಿನ ಜಿಡ್ಡು ಹತ್ತಿದಲ್ಲಿ ತುಕ್ಕು ಹಿಡಿಯುವುದಿಲ್ಲವಂತೆ. ತುಸು ಉಪ್ಪು ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಒಂದೇ ಸಲ ಉದ್ದಕ್ಕೆ ಸವರಿದ. ಬಾಲ್ಕನಿಯ ಬಟ್ಟೆ ಒಣಗಿಸುವ ತಂತಿಗೆ ನಾಲ್ಕನ್ನೂ ದಾರದಲ್ಲಿ ಕಟ್ಟಿ ತೂಗುಬಿಟ್ಟೆವು. ಹೊರಗೆ ಮಳೆ ಹನಿಯುತ್ತಿತ್ತು. ಊಟ ಮಾಡಿ ಬಂದು ನೋಡುವಷ್ಟರಲ್ಲಿ ಬೂದು ಕಬ್ಬಿಣದ ಮೇಲೆ ಕೇಸರಿ ಮಂಜು ಕೂತಿತ್ತು.

ನನ್ನ ಜೀವಮಾನವೆಲ್ಲ ತುಕ್ಕು ತೆಗೆಯುವುದರಲ್ಲಿ ಕಳೆದಿದೆ. ಅದು ಬರಲಿ ಎಂದು ಕಾದು ಕೂತದ್ದು ಅದೇ ಮೊದಲು.

ಮೊದಲ ಸಲ ಕುದಿಸಿದಾಗ ಅವನು ನನಗೆ ಕನ್ನಡಕ ಹಾಕಿಕೊಳ್ಳಲು ಹೇಳಿದ. "ಬರೇ ನೀರಲ್ಲವಾ?" ಎಂದೆ.

"ನೀರಿಗೂ ಹಾಕ್ಕೊ," ಎಂದ. ತಾನೂ ಹಾಕಿಕೊಂಡ.

ಇಪ್ಪತ್ತು ನಿಮಿಷಕ್ಕೆ ನೀರಿನೊಳಗೆ ಕೇಸರಿ ಬಣ್ಣ ಕಂದಾಗಿ, ಕಂದು ಕಪ್ಪಾಯಿತು. ಹೆಂಡತಿಯೂ ಬಾಗಿಲಲ್ಲಿ ನಿಂತು ನೋಡಿದಳು. ಇಕ್ಕಳದಿಂದ ಎತ್ತಿದಾಗ ಮಸಿ ಬಳಿದ ಮಖಮಲ್ಲಿನಂತಿತ್ತು. ತಣಿದ ಮೇಲೆ ನಯವಾದ ಸ್ಟೀಲ್ ವೂಲಿನಿಂದ ಹಗುರವಾಗಿ ಉಜ್ಜಿದೆವು. ಮಸಿ ಉದುರಿ ಕೆಳಗೆ ತೆಳ್ಳಗಿನ ಹೊಗೆ ಬಣ್ಣ ಉಳಿಯಿತು. "ಒಂದು ಕೋಟ್ ಆತು. ಇನ್ನೂ ಆರು," ಎಂದ.

ಮೂರನೆಯ ಕೋಟಿನ ದಿನ ಸೊಸೈಟಿಯ ಸೆಕ್ರೆಟರಿ ಬಂದರು. ಎದುರಿನ ವಿಂಗಿನ ಯಾರೋ ನಮ್ಮ ಬಾಲ್ಕನಿಯಲ್ಲಿ ಬಂದೂಕು ತೂಗುತ್ತಿವೆ ಎಂದು ಹೇಳಿದ್ದರು. ಅವರು ಸಭ್ಯರು, ಚಪ್ಪಲಿ ಹೊರಗೇ ಬಿಟ್ಟು ಬಂದರು. ಹೆಂಡತಿ ಕೂರಿಸಿ ಚಹಾ ಕೊಟ್ಟಳು. ಗೆಳೆಯ ಒಂದು ನಳಿಕೆಯನ್ನು ತಂದು ಅವರ ಮುಂದಿಟ್ಟು ಮರಾಠಿಯಲ್ಲಿ ವಿವರಿಸಿದ. ಇದು ಬಲೂನ್ ಹೊಡೆಯುವ ಏರ್‌ಗನ್ನಿನ ಒಂದು ತುಂಡು, ಇದಿಷ್ಟರಿಂದ ಏನನ್ನೂ ಹಾರಿಸಲಾಗುವುದಿಲ್ಲ ಎಂದ. ನಾನು ಬಿಲ್ಲಿನ ಝೆರಾಕ್ಸ್ ತೋರಿಸಿದೆ. ಅವರು ಓದಿ, "ನನಗೆ ಸರಿ. ಆದರೆ ನೋಡಿದವರಿಗೆ ಗೊತ್ತಾಗಬೇಕಲ್ಲ?" ಎಂದರು.

ಅದು ನ್ಯಾಯವೇ. ಕೇಳದೆ ಮಾಡುವ ಅಭ್ಯಾಸ ನನ್ನಿಂದ ಇನ್ನೂ ಹೋಗಿರಲಿಲ್ಲ. ಆ ಮಧ್ಯಾಹ್ನವೇ ನಾನೂ ಗೆಳೆಯನೂ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಏನು ಮಾಡುತ್ತಿದ್ದೇವೆ, ಯಾರ ವಸ್ತು ಎಂದು ಬರೆದು ಬಿಲ್ಲಿನ ಪ್ರತಿಯ ಜೊತೆ ಕೊಟ್ಟೆವು. ಡ್ಯೂಟಿಯಲ್ಲಿದ್ದ ಹವಾಲ್ದಾರ ಎರಡು ಸಲ ಓದಿದ. ನಳಿಕೆ ಮಾತ್ರವೋ ಪೂರ್ತಿ ಏರ್‌ಗನ್ನೋ ಎಂದು ವಿಚಾರಿಸಿ, ನಮ್ಮ ಪ್ರತಿಯ ಮೇಲೆ ಸ್ಟೇಷನ್ನಿನ ಸಿಕ್ಕಾ ಹೊಡೆದು ಕೊಟ್ಟ. ಬಾಲ್ಕನಿಗೆ ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿದೆವು.

ಐದನೆಯ ಕೋಟು ಉಜ್ಜುತ್ತಿದ್ದ ದಿನ. ಮಳೆ ಜೋರಾಗಿತ್ತು, ಹೆಂಡತಿ ಒಳಗೆ ಮಲಗಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಅವತ್ತು ಪೈಪಿನಿಂದ ನೀರು ನುಗ್ಗಿದ್ದಲ್ಲ," ಎಂದೆ.

"ಗೊತ್ತು. ನೀ ಬಕೆಟ್ ಎತ್ತಿದ್ದು ಕಂಡೀನಿ."

ಅವನ ಕೈ ನಿಲ್ಲಲಿಲ್ಲ. ಸ್ಟೀಲ್ ವೂಲ್ ನಳಿಕೆಯ ಮೇಲೆ ಹೋಗುತ್ತ ಬರುತ್ತ ಇತ್ತು.

"ಆಮೇಲೆ ಯಾಕೆ ಹೇಳಲಿಲ್ಲ?"

"ನೀ ಯಾಕ ಹೇಳಲಿಲ್ಲ?" ಎಂದು ತಿರುಗಿ ಕೇಳಿದ. "ನನ್ನ ಗಾಗಲ್ಸ್ ಎಲ್ಲಿತ್ತು ಅಂತ ಸಾಹೇಬ ನಿನ್ನ ಕೇಳಿದ್ನಲ್ಲ? ಕಣ್ಣಿಗೆ ಹಾಕ್ಕೊಂಡಿದ್ದ ಅಂದಿ. ಅದು ತಲೀ ಮ್ಯಾಲೆ ಇತ್ತು. ಬೆವರಿಗೆ ಮಂಜಾಗ್ತದ ಅಂತ ಏರಿಸಿದ್ದೆ. ನೀ ಖರೇ ಹೇಳಿದ್ರ ನನಗ ಪರಿಹಾರದ ಒಂದು ಪೈಸಾ ಸಿಗತಿರಲಿಲ್ಲ, ಮಗಳ ಕಾಲೇಜು ಆಗತಿರಲಿಲ್ಲ."

ಅದು ನನಗೆ ಮರೆತೇ ಹೋಗಿತ್ತು. ಬಕೆಟ್ಟಿನ ಸುಳ್ಳು ಅಷ್ಟು ದೊಡ್ಡದಾಗಿ ನನ್ನೊಳಗೆ ಕೂತಿದ್ದರಿಂದ ಇನ್ನೊಂದು ಸುಳ್ಳು ಹೇಳಿದ್ದೇ ನೆನಪಿರಲಿಲ್ಲ.

"ಆದರೂ ಬಕೆಟ್ ನನ್ನದು," ಎಂದೆ.

"ಹೌದು, ನಿಂದೇ. ನಾಲ್ಕೈದು ವರ್ಷ ಸಿಟ್ಟು ಇತ್ತು ನಂಗ. ಕನ್ನಡಿ ನೋಡಿದಾಗೊಮ್ಮೆ ಬರ್ತಿತ್ತು. ಆಮ್ಯಾಲೆ ಮೊದಲಿನಷ್ಟು ಬರಲಿಲ್ಲ." ನಳಿಕೆಯನ್ನು ತಿರುಗಿಸಿದ. "ಬರೂದು ನೀ ಬಿಟ್ಟಿ. ಅದಕ್ಕ ಹೆಚ್ಚು ಸಿಟ್ಟು ಬಂತು."

ನನಗೆ ಕ್ಷಮೆ ಕೇಳಬೇಕೆನಿಸಿತು. ಕೇಳಿದೆ ಕೂಡ. ಅವನು "ಹೂಂ" ಎಂದ. ಅಷ್ಟೇ. ಇಬ್ಬರೂ ಸೇರಿ ಆ ಕೋಟು ಉಜ್ಜಿ ಮುಗಿಸಿದೆವು. ನಾಲ್ಕು ಗಂಟೆಗೆ ಹೆಂಡತಿ ಎದ್ದು ಬಂದು ಗೋಳಿಬಜೆ ಕರಿದಳು. ಅವನು ಸಾಬೂನಿನಿಂದ ಮೊಣಕೈವರೆಗೆ ಕೈ ತೊಳೆದು ಬಂದು ಆರು ತಿಂದ.

ಏಳನೆಯ ಕೋಟಿನ ನಂತರ ಬಿರಡೆ ಬಿಚ್ಚಿ, ಒಳಗೆ ಹೊರಗೆ ಎಣ್ಣೆ ಸವರಿ ಎರಡು ದಿನ ಇಟ್ಟೆವು. ಎಣ್ಣೆ ಕುಡಿದ ಮೇಲೆ ಆ ಕಪ್ಪಿಗೆ ಸ್ವಲ್ಪ ನೀಲಿಯ ಛಾಯೆ ಬಂತು. ನಮ್ಮ ಟಾಂಕಿಯ ಕಪ್ಪು ಹೊಳೆಯುತ್ತಿತ್ತು. ಇದು ಹೊಳೆಯುತ್ತಿರಲಿಲ್ಲ. ಮಳೆಗಾಲದ ಸಂಜೆಯ ಮೋಡದ ಹಾಗಿತ್ತು. ತುಕ್ಕು ಆಳಕ್ಕೆ ಇಳಿದಿದ್ದ ಕಡೆ ಸಣ್ಣ ಗುಳಿಗಳು ಉಳಿದಿದ್ದವು. ಅವನ್ನು ತುಂಬುವುದು ಸಾಧ್ಯವಿರಲಿಲ್ಲ. ಕಪ್ಪು ಗುಳಿಗಳ ಒಳಗೂ ಹೋಗಿ ಕೂತಿತ್ತು.

ಅಕ್ಟೋಬರಿನಲ್ಲಿ ಬೀಚಿನ ಅಂಗಡಿ ಮತ್ತೆ ತೆರೆಯಿತು. ಹೊಸ ವಾಷರು ಹಾಕಿ ನಳಿಕೆಗಳನ್ನು ಜೋಡಿಸಲು ನಾವು ಮೂವರೂ ಹೋದೆವು. ಆ ಹೆಂಗಸು ಒಂದನ್ನು ಎತ್ತಿಕೊಂಡು ಉದ್ದಕ್ಕೂ ಕೈಯಾಡಿಸಿದಳು. ಗಂಡನನ್ನು ಕರೆದು ಅವನಿಗೂ ಕೊಟ್ಟಳು. ಅವನು ಬಲೂನಿನ ಪಂಪು ಬಿಟ್ಟು ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತು ಬಹಳ ಹೊತ್ತು ನೋಡಿದ.

"ಹೊಸಾದು ಕೊಂಡಾಗೂ ಹಿಂಗ ಇರಲಿಲ್ರಿ," ಎಂದ.

"ದಿನಾ ಅಂಗಡಿ ಮುಚ್ಚೂ ಮುಂದ ಎಣ್ಣಿ ಬಟ್ಟೀಲೆ ಒರಸ್ರಿ. ಇಲ್ಲಂದ್ರ ಮುಂದಿನ ವರ್ಷ ಮತ್ತ ಕೆಂಪ," ಎಂದು ಗೆಳೆಯ ಹೇಳಿದ.

ಆ ಹೆಂಗಸು ಅವನಿಗೆ ಏರ್‌ಗನ್ ಕೊಟ್ಟು ಹೊಡೆಯಲು ಒತ್ತಾಯಿಸಿದಳು. ಸುತ್ತ ನಿಂತವರೆಲ್ಲ ಎಡಗಣ್ಣು ಮುಚ್ಚಿ ಗುರಿಯಿಡುತ್ತಿದ್ದರು. "ನಂದು ಆ ಕೆಲಸ ಉಳೀತು," ಎಂದು ಮೆಲ್ಲಗೆ ನನಗೆ ಮಾತ್ರ ಕೇಳುವಂತೆ ಹೇಳಿ, ಹತ್ತರಲ್ಲಿ ಏಳು ಒಡೆದ. ನಾನು ನಗಬಹುದೋ ಬಾರದೋ ತಿಳಿಯದೆ ನಿಂತೆ. ಅವನೇ ನಕ್ಕ ಮೇಲೆ ನಕ್ಕೆ.

ಈಗ ಮೂರು ವರ್ಷವಾಯಿತು. ಪಕ್ಕದ ಅಂಗಡಿಯವರೂ ನಳಿಕೆ ಕೊಡತೊಡಗಿದ್ದಾರೆ. ಮಳೆಗಾಲಕ್ಕೆ ಆರಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಹೆಂಡತಿ ಬೇಡ ಎಂದ ದಿನ ಕುದಿಸುವುದಿಲ್ಲ. ಪ್ರತಿ ಜೂನಿನಲ್ಲಿ ಸೆಕ್ರೆಟರಿಗೂ ಸ್ಟೇಷನ್ನಿಗೂ ಹೊಸ ಪತ್ರ ಹೋಗುತ್ತದೆ.

ಈ ವರ್ಷ ಕೆಲಸ ತಡವಾಗಿ ಸುರುವಾಯಿತು. ಗೆಳೆಯನ ಒಳ್ಳೆಯ ಕಣ್ಣಿಗೆ ಪೊರೆ ಬಂದಿತ್ತು. ಇದ್ದದ್ದೊಂದೇ ಕಣ್ಣು, ಅದಕ್ಕೆ ಚಾಕು ತಾಗಿಸಲು ಅವನಿಗೆ ಭಯ. ಎರಡು ತಿಂಗಳು ಮುಂದೂಡಿದ. ಕೊನೆಗೆ ಮಗಳು ಹಟ ಹಿಡಿದು ದಿನ ಗೊತ್ತು ಮಾಡಿಸಿದಳು. ಆಪರೇಷನ್ನಿನ ದಿನ ಅವಳೂ ನಾನೂ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಕನ್ನಡ ಅವಳಿಗೆ ತಡವರಿಸುತ್ತದೆ. "ಅಂಕಲ್, ಬಾಬಾ ನಿಮ್ಮ ಹೆಸರು ಹೇಳ್ತಿದ್ರು ಯಾವಾಗ್ಲೂ. ಐ ಮೀನ್, ಮೊದಲೂ," ಎಂದಳು. ಮೊದಲು ಎಂದರೆ ನಾನು ಹೋಗದಿದ್ದ ಆ ಹನ್ನೊಂದು ವರ್ಷ.

ಪಟ್ಟಿ ಕಟ್ಟಿದ್ದ ಆ ಒಂದು ದಿನ ಅವನಿಗೆ ಎರಡೂ ಕಡೆ ಕತ್ತಲು. ಮರುದಿನ ಪಟ್ಟಿ ಬಿಚ್ಚಿದರು. ಆಪರೇಷನ್ ಚೆನ್ನಾಗಿ ಆಗಿತ್ತು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕು. ಮಗಳಿಗೆ ಪವಾಯಿಯಲ್ಲಿ ಆಫೀಸು, ಬೆಳಿಗ್ಗೆ ಎಂಟಕ್ಕೆ ಹೊರಡಬೇಕು. ಹಾಗಾಗಿ ಮೂರು ವಾರ ನಾನು ಒಂಬತ್ತಕ್ಕೆ ಸಯನ್‌ಗೆ ಹೋಗಿ ಸಂಜೆ ಬರುತ್ತಿದ್ದೆ. ಮೊದಲ ದಿನ ಕೈ ತೊಳೆದು, ಬಾಟಲಿ ಹಿಡಿದು ಅವನ ಮುಖದ ಮೇಲೆ ಬಗ್ಗಿದೆ.

"ಸಾವಕಾಶ ಹಾಕು," ಎಂದ ಅವನು, ಕಣ್ಣು ಅಗಲ ತೆರೆದು ಮಲಗಿದಲ್ಲೇ. "ಗಡಿಬಿಡಿ ಇಲ್ಲ ನಮಗೀಗ."

ಹನಿ ಬಿತ್ತು. ಅವನು ರೆಪ್ಪೆ ಮುಚ್ಚಿ, ಗಲ್ಲದ ಮೇಲೆ ಇಳಿದದ್ದನ್ನು ಹತ್ತಿಯಿಂದ ಒರೆಸಲು ಹೇಳಿದ. ಒರೆಸಿದೆ. ಐದು ನಿಮಿಷ ಹಾಗೇ ಮಲಗಿರಬೇಕಿತ್ತು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಅವನಿಗೆ ಅಂದಿನ ಪೇಪರ್ ಓದಿ ಹೇಳಿದೆ.